ತಂಗಿಯ ರಿಪೋರ್ಟ್‌ನಲ್ಲಿ ಎಸ್‌ಎಫ್‌ಎಲ್‌ಟಿ-1/ಪಿಎಲ್‌ಜಿಎಫ್ ರೇಶಿಯೊ 52 ಅಂತ ಬಂದಿದೆ, ಇದನ್ನು ಹೇಗೆ ಓದಬೇಕು?

ನೀಲಿಹಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 29 ವಾರ. ಚೊಚ್ಚಲ ಬಸಿರು, ಒಂದೇ ಮಗು, ಮುಂಚೆ ಬಿಪಿ-ಶುಗರ್ ಯಾವುದೂ ಇರಲಿಲ್ಲ. ಹೋದ ವಾರ ಚೆಕಪ್‌ನಲ್ಲಿ ಬಿಪಿ 142/92 ಬಂತು. ಅಲ್ಲೇ ಕೂರಿಸಿಕೊಂಡು ಸಂಜೆ ಮತ್ತೆ ನೋಡಿದರು, 140/90. ಮೂತ್ರದಲ್ಲಿ ಪ್ರೋಟೀನ್ ‘ಟ್ರೇಸ್’ ಅಂತ ಬರೆದಿದ್ದಾರೆ. ಕಾಲು ಊದಿದೆ. ತಲೆನೋವು ಒಂದೆರಡು ಸಲ ಬಂದು ತಾನಾಗೇ ಹೋಗಿದೆ. ಪ್ಲೇಟ್ಲೆಟ್, ಲಿವರ್, ಕ್ರಿಯಾಟಿನಿನ್ ಎಲ್ಲ ನಾರ್ಮಲ್.

ಇದರ ಜೊತೆಗೆ ಡಾಕ್ಟರ್ ಇನ್ನೊಂದು ರಕ್ತ ಪರೀಕ್ಷೆ ಬರೆದುಕೊಟ್ಟರು, ನಾವು ಹೆಸರೇ ಕೇಳಿರಲಿಲ್ಲ. ರಿಪೋರ್ಟ್ ಹೀಗಿದೆ: ಎಸ್‌ಎಫ್‌ಎಲ್‌ಟಿ-1 4,680, ಪಿಎಲ್‌ಜಿಎಫ್ 90, ರೇಶಿಯೊ 52. ಕೆಳಗೆ ಸಣ್ಣ ಅಕ್ಷರದಲ್ಲಿ 38ರ ಒಳಗಿದ್ದರೆ ಒಂದು ಸಾಲು, 85ರ ಮೇಲಿದ್ದರೆ ಇನ್ನೊಂದು ಸಾಲು. 52 ಎರಡರಲ್ಲೂ ಇಲ್ಲ! ಡಾಕ್ಟರ್ ರಿಪೋರ್ಟ್ ನೋಡಿ, ವಾರಕ್ಕೆ ಎರಡು ಸಲ ಬಂದು ಬಿಪಿ ತೋರಿಸಿ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಮಾಡಿಸಿ, ಈಗಲೇ ಹೆದರಬೇಡಿ ಅಂದರು. ಹೊರಗೆ ಇನ್ನೂ ತುಂಬಾ ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ.

ತಂಗಿ ಮಾತ್ರ ರಾತ್ರಿಯೆಲ್ಲ ಫೋನಿನಲ್ಲಿ ಪ್ರಿ-ಎಕ್ಲಾಂಪ್ಸಿಯಾ (ಬಸಿರಿನಲ್ಲಿ ಬಿಪಿ ಏರಿ ಕಿಡ್ನಿ, ಲಿವರ್‌ಗೂ ತೊಂದರೆ ಕೊಡುವ ಕಾಯಿಲೆ) ಬಗ್ಗೆ ಓದಿ ಓದಿ ಅಳುತ್ತಿದ್ದಾಳೆ. 52 ಅಂದರೆ ಕಾಯಿಲೆ ಬಂದಿದೆ ಅಂತಲೋ, ಬರುತ್ತೆ ಅಂತಲೋ? ಈಗಲೇ ಮಗುವನ್ನು ಹೊರಗೆ ತೆಗೆಯಬೇಕಾಗುತ್ತಾ? ಈ ಪರೀಕ್ಷೆ ಅಷ್ಟು ಒಳ್ಳೆಯದಾದರೆ ಎಲ್ಲರಿಗೂ ಮೊದಲೇ ಯಾಕೆ ಮಾಡುವುದಿಲ್ಲ? ಗೊತ್ತಿರುವವರು ದಯವಿಟ್ಟು ಹೇಳಿ.

---

ಲ್ಯಾಬ್_ಕೋಟ್:

ನಾನು ಲ್ಯಾಬ್‌ನಲ್ಲಿ ಇದೇ ಪರೀಕ್ಷೆ ಓಡಿಸುವವನು, ಡಾಕ್ಟರ್ ಅಲ್ಲ. ಅದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ಮೊದಲು ಆ ಎರಡು ಹೆಸರುಗಳು ಏನು ಅಂತ. ಎರಡೂ ಪ್ರೋಟೀನ್‌ಗಳು, ಬಸುರಿಯ ರಕ್ತದಲ್ಲಿ ಓಡಾಡುತ್ತಿರುತ್ತವೆ, ಎರಡೂ ಹೆಚ್ಚಾಗಿ ಮಾಸಿನಿಂದ, ಅಂದರೆ ಪ್ಲಸೆಂಟಾದಿಂದ ಬರುತ್ತವೆ. ಪಿಎಲ್‌ಜಿಎಫ್ ರಕ್ತನಾಳಗಳಿಗೆ ಬೇಕಾದದ್ದು. ನಾಳದ ಒಳಪದರವನ್ನು ಚೆನ್ನಾಗಿ ಇಟ್ಟುಕೊಳ್ಳಲು, ಹೊಸ ನಾಳ ಬೆಳೆಯಲು ಅದು ಸಹಾಯ ಮಾಡುತ್ತದೆ. ಎಸ್‌ಎಫ್‌ಎಲ್‌ಟಿ-1 ಅದರ ಕೈಕಟ್ಟುವ ಪ್ರೋಟೀನ್. ಗದ್ದೆಗೆ ಹೋಗಬೇಕಾದ ನೀರನ್ನು ಕಾಲುವೆಯಲ್ಲೇ ಯಾರೋ ತಿರುಗಿಸಿಕೊಂಡ ಹಾಗೆ, ಅದು ಪಿಎಲ್‌ಜಿಎಫ್ ಅನ್ನೂ ಅದರ ಸೋದರ ವಿಇಜಿಎಫ್ ಅನ್ನೂ ರಕ್ತದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ನಾಳಗಳವರೆಗೆ ತಲುಪಲು ಬಿಡುವುದಿಲ್ಲ. ಸ್ವಲ್ಪ ಇರುವುದು ಸಹಜ, ಎಲ್ಲ ಬಸುರಿಯರಲ್ಲೂ ಇರುತ್ತದೆ, ತಿಂಗಳು ತುಂಬುತ್ತಾ ಬಂದಂತೆ ಏರುತ್ತದೆ ಕೂಡ. ವಿಪರೀತ ಆದಾಗ ತೊಂದರೆ.

ವಿಪರೀತ ಯಾಕೆ ಆಗುತ್ತದೆ? ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಸಣ್ಣ ಸುರುಳಿ ರಕ್ತನಾಳಗಳು ಅಗಲವಾಗಿ ಸಡಿಲಗೊಳ್ಳಬೇಕು, ಆಗ ಮಾಸಿಗೆ ಧಾರಾಳವಾಗಿ ರಕ್ತ ಸಿಗುತ್ತದೆ. ಕೆಲವರಲ್ಲಿ ಅದು ಸರಿಯಾಗಿ ಆಗುವುದಿಲ್ಲ. ರಕ್ತ ಸಾಲದ ಮಾಸು ಎಸ್‌ಎಫ್‌ಎಲ್‌ಟಿ-1 ಅನ್ನು ಜಾಸ್ತಿ ಬಿಡುತ್ತದೆ, ಪಿಎಲ್‌ಜಿಎಫ್ ಕಡಿಮೆ ಮಾಡುತ್ತದೆ. ಆಗ ತಾಯಿಯ ಮೈಯಲ್ಲೆಲ್ಲ ನಾಳಗಳು ಬಿಗಿಯುತ್ತವೆ, ಸೋರುತ್ತವೆ. ಬಿಪಿ ಏರುವುದು, ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಸೋರುವುದು, ಲಿವರ್ ಕೆಡುವುದು, ತಲೆನೋವು, ಕಣ್ಣು ಮಂಜಾಗುವುದು, ಎಲ್ಲದರ ಹಿಂದೆ ಇದೇ ಇದೆ. 2003ರಲ್ಲಿ ಬಾಸ್ಟನ್‌ನ ಅನಂತ್ ಕರುಮಂಚಿ ಅವರ ತಂಡ ಬಸುರಿ ಇಲಿಗಳಿಗೆ ಈ ಎಸ್‌ಎಫ್‌ಎಲ್‌ಟಿ-1 ಕೊಟ್ಟು ನೋಡಿತು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಕಿಡ್ನಿಯಲ್ಲಿ ಪ್ರಿ-ಎಕ್ಲಾಂಪ್ಸಿಯಾದಲ್ಲಿ ಕಾಣುವ ಬದಲಾವಣೆಯೇ ಕಾಣಿಸಿತು. ಮರುವರ್ಷ ಬಂದ ಅಧ್ಯಯನದಲ್ಲಿ, ಕಾಯಿಲೆ ಹೊರಗೆ ಕಾಣುವ ಸುಮಾರು 5 ವಾರ ಮುಂಚೆಯೇ ರಕ್ತದಲ್ಲಿ ಎಸ್‌ಎಫ್‌ಎಲ್‌ಟಿ-1 ಏರಲು ಶುರುವಾಗುತ್ತದೆ ಅಂತ ಗೊತ್ತಾಯಿತು. ಈ ಪರೀಕ್ಷೆ ಹುಟ್ಟಿದ್ದೇ ಅಲ್ಲಿಂದ.

ಈಗ ನಿಮ್ಮ ರಿಪೋರ್ಟ್. 4,680 ಅನ್ನು 90ರಿಂದ ಭಾಗಿಸಿದರೆ 52. ಅಷ್ಟೇ ಲೆಕ್ಕ. ಎರಡೂ ಅಂಕಿ ಪ್ರತಿ ಎಂಎಲ್ ರಕ್ತದ ದ್ರವದಲ್ಲಿ ಎಷ್ಟು ಪಿಕೋಗ್ರಾಂ ಅನ್ನುವುದು. 38ಕ್ಕೆ ಇರುವ ಅರ್ಥ ಬಲು ನಿರ್ದಿಷ್ಟ. ಬಿಪಿಯೋ ಪ್ರೋಟೀನೋ ಏನೋ ಒಂದು ಅನುಮಾನ ಬಂದ ಬಸುರಿಯಲ್ಲಿ, 24ರಿಂದ 36 ವಾರದ ನಡುವೆ, ರೇಶಿಯೊ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಮುಂದಿನ ಒಂದು ವಾರದಲ್ಲಿ ಪ್ರಿ-ಎಕ್ಲಾಂಪ್ಸಿಯಾ ಆಗುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 34 ವಾರಕ್ಕೆ ಮುಂಚೆ 85 ದಾಟಿದರೆ, 34ರ ನಂತರ 110 ದಾಟಿದರೆ, ಕಾಯಿಲೆ ಇದೆ ಅನ್ನುವ ಕಡೆಗೆ ಬಲವಾಗಿ ವಾಲುತ್ತದೆ. ನಡುವೆ ಇರುವುದು ಕಾದು ನೋಡುವ ಜಾಗ. ನಿಮ್ಮ ತಂಗಿ ಅಲ್ಲಿದ್ದಾಳೆ.

ಒಂದು ಮಾತು ಮರೆಯಬೇಡಿ. ಈ ಅಂಕಿಗಳು ಯಾವ ಮೆಷಿನ್‌ನಲ್ಲಿ ಮಾಡಿದರು ಅನ್ನುವುದರ ಮೇಲೆ ನಿಂತಿವೆ. 38, 85, 110 ಇವೆಲ್ಲ ರೋಶ್ ಕಂಪನಿಯ ಎಲೆಕ್ಸಿಸ್ ಪರೀಕ್ಷೆಯವು. ಥರ್ಮೋ ಫಿಶರ್‌ನ ಕ್ರಿಪ್ಟರ್‌ನಲ್ಲಿ ಗಡಿ 40. ಬರೀ ಪಿಎಲ್‌ಜಿಎಫ್ ನೋಡುವ ಟ್ರಯಾಜ್ ಪರೀಕ್ಷೆಯಲ್ಲಿ 100ಕ್ಕಿಂತ ಕಡಿಮೆ ಅಂದರೆ ಸರಿಯಿಲ್ಲ, 12ಕ್ಕಿಂತ ಕಡಿಮೆ ಅಂದರೆ ತೀರಾ ಸರಿಯಿಲ್ಲ. ಒಂದರ ಗಡಿಯನ್ನು ಇನ್ನೊಂದಕ್ಕೆ ಹಾಕಬಾರದು. ಮತ್ತೆ ಮಾಡಿಸುವ ಪ್ರಸಂಗ ಬಂದರೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ, ಇಲ್ಲದಿದ್ದರೆ ಏರಿತೋ ಇಳಿಯಿತೋ ಅಂತ ಹೇಳಲು ಬರುವುದಿಲ್ಲ.

---

ಅಂಕಿಅಂಶ:

ಲ್ಯಾಬ್ ಸರ್ ಚೆನ್ನಾಗಿ ಹೇಳಿದ್ದಾರೆ. ನಿಮ್ಮ ತಂಗಿ ಅಳುತ್ತಿರುವುದು ‘38 ದಾಟಿದೆ’ ಅನ್ನುವುದಕ್ಕೆ ತಾನೇ? ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ.

38ರ ಗಡಿ ಬಂದಿದ್ದು ಪ್ರಾಗ್ನೋಸಿಸ್ ಅನ್ನುವ ಅಧ್ಯಯನದಿಂದ, 2016ರಲ್ಲಿ ಪ್ರಕಟವಾಯಿತು. ಅದರಲ್ಲಿ 38ರ ಒಳಗಿದ್ದವರಲ್ಲಿ 99.3% ಜನಕ್ಕೆ ಮುಂದಿನ ಒಂದು ವಾರ ಪ್ರಿ-ಎಕ್ಲಾಂಪ್ಸಿಯಾ ಆಗಲಿಲ್ಲ. 38 ದಾಟಿದವರಲ್ಲಿ ಮುಂದಿನ 4 ವಾರಗಳಲ್ಲಿ ಪ್ರಿ-ಎಕ್ಲಾಂಪ್ಸಿಯಾ ಆದವರು 36.7%. ಅಂದರೆ ಗಡಿ ದಾಟಿದ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಜನಕ್ಕೆ ಆ ನಾಲ್ಕು ವಾರದಲ್ಲಿ ಕಾಯಿಲೆ ಬರಲಿಲ್ಲ. ಎರಡು ಅಂಕಿಗಳ ಬಲ ಒಂದೇ ಅಲ್ಲ, ನೋಡಿ. ಕಡಿಮೆ ಬಂದರೆ ಈ ಪರೀಕ್ಷೆಯ ಮಾತನ್ನು ಗಟ್ಟಿಯಾಗಿ ನಂಬಬಹುದು. ಜಾಸ್ತಿ ಬಂದರೆ ಅದು ಎಚ್ಚರಿಕೆ, ತೀರ್ಪಲ್ಲ.

ಇನ್ನೊಂದು, ಆ 36.7% ಅನ್ನುವುದು 38 ದಾಟಿದ ಎಲ್ಲರನ್ನೂ ಒಟ್ಟಿಗೆ ಸೇರಿಸಿದ ಲೆಕ್ಕ. 39 ಬಂದವರೂ ಅದರಲ್ಲಿದ್ದಾರೆ, 400 ಬಂದವರೂ ಇದ್ದಾರೆ. ಅಂಕಿ ಎಷ್ಟು ಎತ್ತರವೋ ಅಷ್ಟು ಬೇಗ ಹೆರಿಗೆ ಮಾಡಿಸಬೇಕಾಗಿ ಬರುವ ಸಾಧ್ಯತೆ. 52 ಆ ಸಾಲಿನಲ್ಲಿ ಕೆಳಗಡೆ ಇದೆ. ಹಾಗಂತ ಪಿಎಲ್‌ಜಿಎಫ್ 90 ಇರುವುದು 29 ವಾರಕ್ಕೆ ಕಡಿಮೆಯೇ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಮಾಸಿನ ಮೇಲೆ ಒತ್ತಡ ಇದೆ ಅಂತ ಅದು ಹೇಳುತ್ತಿದೆ. ಬರೀ ತಾಯಿಯ ಬಿಪಿ ಮಾತ್ರ ಅಲ್ಲ, ಮಗುವಿನ ಬೆಳವಣಿಗೆ ಕುಂಠಿತವಾದಾಗಲೂ ಈ ರೇಶಿಯೊ ಏರುತ್ತದೆ. ಡಾಕ್ಟರ್ ಸ್ಕ್ಯಾನ್ ಬರೆದಿರುವುದು ಅದಕ್ಕೇ ಇರಬೇಕು. ಅದನ್ನು ಮುಂದೂಡಬೇಡಿ.

---

ಹೆರಿಗೆವಾರ್ಡ್:

ನಾನು ನರ್ಸ್, ಹೆರಿಗೆ ವಾರ್ಡಿನಲ್ಲೇ ಕೆಲಸ. ಮೇಲಿನ ಇಬ್ಬರೂ ರಿಪೋರ್ಟ್ ಬಗ್ಗೆ ಹೇಳಿದರು, ನಾನು ತಂಗಿಯ ಬಗ್ಗೆ ಹೇಳುತ್ತೇನೆ.

ನೀಲಿಹಕ್ಕಿ ಅಕ್ಕ, ನೀವು ಬರೆದಿರುವುದರ ಪ್ರಕಾರ ನಿಮ್ಮ ತಂಗಿಗೆ ಈಗ ಇರುವುದು ಬಸಿರಿನಲ್ಲಿ ಬಂದ ಬಿಪಿ. 20 ವಾರದ ನಂತರ, ನಾಲ್ಕು ಗಂಟೆ ಅಂತರದಲ್ಲಿ ಎರಡು ಸಲ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಹಾಗೆ ಕರೆಯುತ್ತೇವೆ. ಅದರ ಜೊತೆ ಮೂತ್ರದಲ್ಲಿ ನಿಜವಾಗಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಪ್ಲೇಟ್ಲೆಟ್ 1 ಲಕ್ಷದ ಕೆಳಗೆ ಇಳಿದರೆ, ಲಿವರ್ ಅಥವಾ ಕಿಡ್ನಿ ಕೆಟ್ಟರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ, ಬಿಡದ ತಲೆನೋವು ಅಥವಾ ಕಣ್ಣಿನ ತೊಂದರೆ ಬಂದರೆ, ಆಗ ಪ್ರಿ-ಎಕ್ಲಾಂಪ್ಸಿಯಾ. ‘ಟ್ರೇಸ್’ ಅನ್ನುವುದು ಪಟ್ಟಿ ಅದ್ದಿ ನೋಡಿದ ಫಲಿತಾಂಶ, ಅದರ ಮೇಲೆ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ. ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ರೇಶಿಯೊ ಮಾಡಿಸಿದ್ದಾರಾ ಅಂತ ಕೇಳಿ. ಅದು 0.3 ಮುಟ್ಟಿದೆಯಾ ಇಲ್ಲವಾ ಅನ್ನುವುದು ಮುಖ್ಯ. ಇದು ಬೇರೆ ರೇಶಿಯೊ, ಅದು ಬೇರೆ, ಎರಡನ್ನೂ ಬೆರೆಸಿಕೊಳ್ಳಬೇಡಿ.

ಮನೆಯಲ್ಲಿ ಬಿಪಿ ನೋಡುವ ಮೆಷಿನ್ ಇದ್ದರೆ ದಿನಾ ನೋಡಿ ಬರೆದಿಡಿ. ಆದರೆ ಸರಿಯಾಗಿ ನೋಡಬೇಕು. ಐದು ನಿಮಿಷ ಸುಮ್ನೆ ಕೂರಲಿ. ಬೆನ್ನಿಗೆ ಒರಗು ಇರಲಿ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಬಾರದು. ಕೈ ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ಇಡಲಿ. ಮೂತ್ರ ಕಟ್ಟಿಕೊಂಡು ಕೂರಬಾರದು, ಮಾತಾಡಬಾರದು. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಇನ್ನು ಎಡಮಗ್ಗುಲಾಗಿ ಮಲಗಿಸಿ ಮೇಲಿನ ಕೈಯಲ್ಲಿ ನೋಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದರಲ್ಲಿ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಎಲ್ಲ ಸರಿ ಇದೆ ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ, ಅದು ಇನ್ನೂ ಅಪಾಯ. ಬಸುರಿಯರಲ್ಲಿ ಸರಿಯಾಗಿ ತೋರಿಸುತ್ತದೆ ಅಂತ ಪರೀಕ್ಷೆ ಆದ ಮೆಷಿನ್‌ಗಳು ಬೇರೆಯೇ ಇವೆ, ನಿಮ್ಮದನ್ನು ಒಮ್ಮೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಅಲ್ಲಿಯದರ ಜೊತೆ ಹೋಲಿಸಿ.

ಯಾವಾಗ ರಾತ್ರಿಯಾದರೂ ಸರಿ ಎದ್ದು ಆಸ್ಪತ್ರೆಗೆ ಓಡಬೇಕು ಅಂದರೆ: ಬಿಪಿ 160/110 ಮುಟ್ಟಿದರೆ, ಮಾತ್ರೆಗೂ ಬಗ್ಗದ ತಲೆನೋವು ಬಂದರೆ, ಕಣ್ಣ ಮುಂದೆ ಮಿಂಚು ಬಂದ ಹಾಗೆ ಅಥವಾ ಮಂಜು ಕವಿದ ಹಾಗೆ ಆದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ, ಉಸಿರು ಕಟ್ಟಿದರೆ, ಮುಖ-ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಮಗುವಿನ ಓಡಾಟ ಕಡಿಮೆಯಾದರೆ, ರಕ್ತ ಹೋದರೆ. ಆ ಹೊತ್ತಿನಲ್ಲಿ ರೇಶಿಯೊ 52 ಇತ್ತೋ 20 ಇತ್ತೋ ಅಂತ ಯಾರೂ ನೋಡಬಾರದು. ಮೊನ್ನೆಯ ರಕ್ತ ಪರೀಕ್ಷೆ ಇವತ್ತಿನ ತಲೆನೋವಿಗೆ ಉತ್ತರ ಅಲ್ಲ.

ಮಗುವನ್ನು ಈಗಲೇ ತೆಗೆಯಬೇಕಾ ಅಂತ ಕೇಳಿದ್ದೀರಿ. ಈ ಅಂಕಿ ನೋಡಿ ಯಾರೂ ತೆಗೆಯುವುದಿಲ್ಲ. ಬ್ರಿಟನ್‌ನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ, ಬೇಗ ಹೆರಿಗೆ ಮಾಡಿಸುವ ತೀರ್ಮಾನಕ್ಕೆ ಈ ಪರೀಕ್ಷೆಯನ್ನು ಬಳಸಬೇಡಿ ಅಂತ. ಬಿಪಿ ಹತೋಟಿಯಲ್ಲಿದ್ದು, ತಾಯಿ-ಮಗು ಚೆನ್ನಾಗಿದ್ದರೆ, ಪ್ರಿ-ಎಕ್ಲಾಂಪ್ಸಿಯಾ ಇದ್ದರೂ ಸಾಮಾನ್ಯವಾಗಿ 37 ವಾರದವರೆಗೆ ಕಾಯುತ್ತಾರೆ. ತೀವ್ರ ಆದರೆ ಲೆಕ್ಕ ಬೇರೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ, ಇವೆಲ್ಲ ಬಸಿರಿನಲ್ಲಿ ಕೊಡುವ ಬಿಪಿ ಮಾತ್ರೆಗಳು. ಮನೆಯಲ್ಲಿ ಬೇರೆಯವರು ನುಂಗುವ ಬಿಪಿ ಮಾತ್ರೆ ಮಾತ್ರ ಕೊಡಲೇಬೇಡಿ, ಅವುಗಳಲ್ಲಿ ಕೆಲವು ಮಗುವಿನ ಕಿಡ್ನಿಗೆ ಕೆಟ್ಟದ್ದು. ಈ ಕಾಯಿಲೆ ತೀವ್ರವಾದರೆ ಬರಬಹುದಾದ ಫಿಟ್ಸ್ ಬಗ್ಗೆ ತಂಗಿ ಹೆದರಿದ್ದಾಳೆ ಅನ್ನಿಸುತ್ತದೆ. ತೀವ್ರವಾದವರಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತೇವೆ. 2002ರ ಮ್ಯಾಗ್‌ಪೈ ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ಹೆಂಗಸರಲ್ಲಿ ನೋಡಿದರು, ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿತು. ಕೈಯಲ್ಲಿ ಮದ್ದಿದೆ, ಸಮಯಕ್ಕೆ ಬರಬೇಕು ಅಷ್ಟೇ. ಇದನ್ನು ಅವಳಿಗೆ ಹೇಳಿ.

---

ನೀಲಿಹಕ್ಕಿ:

ಸಿಸ್ಟರ್, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಗಿಗೆ ಎಲ್ಲವನ್ನೂ ಓದಿ ಹೇಳಿದೆ. ‘ನೂರರಲ್ಲಿ ಅರವತ್ತು ಜನಕ್ಕೆ ಬರಲಿಲ್ಲ’ ಅನ್ನುವುದನ್ನು ಎರಡೆರಡು ಸಲ ಓದಿಸಿದಳು.

ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಮಾಡಿಸಿದ್ದರಂತೆ, 0.18. ಸ್ಕ್ಯಾನ್ ನಾಳೆ ಇದೆ. ಎರಡು ಅನುಮಾನ ಉಳಿದಿದೆ. ರೇಶಿಯೊ ಮತ್ತೆ ಯಾವಾಗ ಮಾಡಿಸಬೇಕು, ಪ್ರತಿ ವಾರ ಮಾಡಿಸಿದರೆ ಒಳ್ಳೆಯದಲ್ವಾ? ಮತ್ತೆ ಇದನ್ನು ಮೂರನೇ ತಿಂಗಳಲ್ಲೇ ಮಾಡಿಸಿದ್ದರೆ ಮೊದಲೇ ಗೊತ್ತಾಗಿ ಏನಾದರೂ ಮಾಡಬಹುದಿತ್ತಾ?

---

ಎರಡನೇಬಸಿರು:

ಎರಡನೆಯದಕ್ಕೆ ನಾನು ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ಬಸಿರಿನಲ್ಲಿ 33 ವಾರಕ್ಕೇ ಪ್ರಿ-ಎಕ್ಲಾಂಪ್ಸಿಯಾ ಆಗಿ ಮಗು ಬೇಗ ಹುಟ್ಟಿತು. ಈಗ ಚೆನ್ನಾಗಿದ್ದಾನೆ. ಈ ಸಲ ಶುರುವಿನಲ್ಲೇ ಎಲ್ಲ ಕೇಳಿಕೊಂಡು ಮಾಡಿಸಿದೆ.

ಮೂರನೇ ತಿಂಗಳಲ್ಲಿ ಮಾಡುವುದು ಈ ರೇಶಿಯೊ ಅಲ್ಲ. 11ರಿಂದ 13 ವಾರದ ನಡುವೆ, ಎನ್‌ಟಿ ಸ್ಕ್ಯಾನ್ (ಮಗುವಿನ ಕುತ್ತಿಗೆಯ ಹಿಂಭಾಗ ಅಳೆಯುವ ಸ್ಕ್ಯಾನ್) ಮಾಡುವ ಹೊತ್ತಿಗೆ, ಪಿಎಲ್‌ಜಿಎಫ್ ಒಂದನ್ನೇ ನೋಡುತ್ತಾರೆ. ಅದೂ ಒಂಟಿಯಾಗಿ ಅಲ್ಲ. ತಾಯಿಯ ವಯಸ್ಸು, ತೂಕ, ಹಿಂದಿನ ಬಸಿರು ಹೇಗಿತ್ತು, ಎರಡೂ ಕೈಯ ಬಿಪಿ, ಸ್ಕ್ಯಾನ್‌ನಲ್ಲಿ ಗರ್ಭಕೋಶದ ರಕ್ತನಾಳದ ಡಾಪ್ಲರ್ (ರಕ್ತದ ಹರಿವಿನ ಅಳತೆ), ಇಷ್ಟನ್ನೂ ಪಿಎಲ್‌ಜಿಎಫ್ ಜೊತೆ ಸೇರಿಸಿ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲಂಡನ್‌ನ ಫೀಟಲ್ ಮೆಡಿಸಿನ್ ಫೌಂಡೇಶನ್‌ನವರು ಮಾಡಿದ ಲೆಕ್ಕ ಅದು. ಆ ವಿಧಾನದಲ್ಲಿ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗಿ ಬರುವ ಪ್ರಿ-ಎಕ್ಲಾಂಪ್ಸಿಯಾದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಮುಂಚೆಯೇ ಗುರುತಿಸಬಹುದು.

ಗುರುತಿಸಿ ಏನು ಮಾಡುತ್ತಾರೆ? ಆಸ್ಪಿರಿನ್. 2017ರ ಆಸ್ಪ್ರೆ ಅಧ್ಯಯನದಲ್ಲಿ, ಹೀಗೆ ಅಪಾಯ ಜಾಸ್ತಿ ಅಂತ ಗೊತ್ತಾದವರಿಗೆ ದಿನಾ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಅನ್ನು 11-14 ವಾರದಿಂದ 36 ವಾರದವರೆಗೆ ಕೊಟ್ಟರು. 37 ವಾರದೊಳಗಿನ ಪ್ರಿ-ಎಕ್ಲಾಂಪ್ಸಿಯಾ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ 4.3% ಇತ್ತು, ಆಸ್ಪಿರಿನ್ ತೆಗೆದುಕೊಂಡವರಲ್ಲಿ 1.6%. ದೊಡ್ಡ ವ್ಯತ್ಯಾಸ. ಆದರೆ ತಿಂಗಳು ತುಂಬಿದ ಮೇಲೆ ಬರುವ ಪ್ರಿ-ಎಕ್ಲಾಂಪ್ಸಿಯಾವನ್ನು ಅದು ಅಷ್ಟಾಗಿ ತಡೆಯಲಿಲ್ಲ. ಮತ್ತೆ 16 ವಾರದ ಒಳಗೆ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡುವುದು, ಮಾಸು ಬೇರೂರುವ ಕಾಲ ಅದು. ಹಾಗಾಗಿ ನಿಮ್ಮ ತಂಗಿಗೆ ಈಗ ನೀವಾಗೇ ಆಸ್ಪಿರಿನ್ ಕೊಡಲು ಹೋಗಬೇಡಿ.

ಅವಳು ಮೂರನೇ ತಿಂಗಳಲ್ಲಿ ಮಾಡಿಸಲಿಲ್ಲ ಅಂತ ಯಾರೂ ಕೊರಗಬೇಕಿಲ್ಲ. ಆಗ ಅವಳಿಗೆ ಯಾವ ಲಕ್ಷಣವೂ ಇರಲಿಲ್ಲ, ಎಷ್ಟೋ ಕಡೆ ಆ ಪರೀಕ್ಷೆ ಸಿಗುವುದೂ ಇಲ್ಲ. ಆದರೆ ಮುಂದಿನ ಬಸಿರಿನಲ್ಲಿ ಮೊದಲ ಭೇಟಿಯಲ್ಲೇ ಇದನ್ನೆಲ್ಲ ಹೇಳಬೇಕು, ಈ ರಿಪೋರ್ಟ್‌ಗಳನ್ನು ಎತ್ತಿಟ್ಟುಕೊಳ್ಳಿ.

---

ಲ್ಯಾಬ್_ಕೋಟ್:

ಮತ್ತೆ ಮಾಡಿಸುವ ಬಗ್ಗೆ. ನಡುವಿನ ಅಂಕಿ ಬಂದಾಗ, ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ನೋಡಿ, ಏರುತ್ತಿದೆಯಾ ನಿಂತಿದೆಯಾ ಅಂತ ತಿಳಿದುಕೊಳ್ಳುವ ಡಾಕ್ಟರ್‌ಗಳು ತುಂಬಾ ಇದ್ದಾರೆ. ಎರಡು ವಾರದಲ್ಲಿ 52 ಹೋಗಿ 150 ಆದರೆ ಅದೊಂದು ಕಥೆ, 55ರಲ್ಲೇ ನಿಂತರೆ ಇನ್ನೊಂದು. ಆದರೆ ಪ್ರತಿ ವಾರ ಮಾಡಿಸಬೇಡಿ ಅಂತ ನಾನು ಹೇಳುತ್ತೇನೆ, ನಮ್ಮ ಲ್ಯಾಬ್‌ಗೆ ಕೆಲಸ ಬಂದರೂ ಸರಿಯೇ. ಪ್ಯಾರಟ್-2 ಅನ್ನುವ ಬ್ರಿಟನ್‌ನ ಅಧ್ಯಯನ 2024ರಲ್ಲಿ ಬಂತು, ಎಲ್ಲರಿಗೂ ಪದೇ ಪದೇ ಪರೀಕ್ಷೆ ಮಾಡಿ ಫಲಿತಾಂಶ ತೋರಿಸುವುದರಿಂದ ಮಗುವಿಗೆ ಆಗುವ ತೊಂದರೆಗಳು ಕಡಿಮೆಯಾಗಲಿಲ್ಲ ಅಂತ ಅದು ಕಂಡುಕೊಂಡಿತು. ಒಮ್ಮೆ ಅಪಾಯ ಇದೆ ಅಂತ ಗೊತ್ತಾದ ಮೇಲೆ ಬಿಪಿ, ಮೂತ್ರ, ರಕ್ತ, ಸ್ಕ್ಯಾನ್, ಇವುಗಳ ಮೇಲೆ ಕಣ್ಣಿಡುವುದೇ ಮುಖ್ಯ. ನಿಮ್ಮ ಡಾಕ್ಟರ್ ವಾರಕ್ಕೆ ಎರಡು ಸಲ ಬರಲು ಹೇಳಿರುವುದು ಅದಕ್ಕೇ.

ಎಲ್ಲರಿಗೂ ಯಾಕೆ ಮಾಡುವುದಿಲ್ಲ ಅಂತ ಮೊದಲ ಪೋಸ್ಟ್‌ನಲ್ಲಿ ಕೇಳಿದ್ದಿರಿ. ಇದು ಅನುಮಾನ ಬಂದವರಿಗಾಗಿ ಮಾಡಿದ ಪರೀಕ್ಷೆ. ಬಿಪಿ ಸರಿ ಇದ್ದು, ಏನೂ ತೊಂದರೆ ಇಲ್ಲದ ಬಸುರಿಗೆ 28 ವಾರದಲ್ಲಿ ಇದನ್ನು ಮಾಡಿದರೆ ಬರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಸುಳ್ಳಾಗಿರುತ್ತವೆ, ಸುಮ್ನೆ ಹೆದರಿಸಿದ ಹಾಗೆ ಆಗುತ್ತದೆ. ಅನುಮಾನ ಬಂದವರಲ್ಲಿ ಮಾತ್ರ ಇದರ ಬೆಲೆ ನಿಜವಾಗಿ ಗೊತ್ತಾಗುವುದು. 2019ರ ಮೊದಲ ಪ್ಯಾರಟ್ ಅಧ್ಯಯನದಲ್ಲಿ, ಬ್ರಿಟನ್‌ನ 11 ಹೆರಿಗೆ ಆಸ್ಪತ್ರೆಗಳು, ಸಾವಿರಕ್ಕೂ ಹೆಚ್ಚು ಹೆಂಗಸರು, ಪಿಎಲ್‌ಜಿಎಫ್ ಫಲಿತಾಂಶ ಡಾಕ್ಟರ್ ಕೈಗೆ ಕೊಟ್ಟಾಗ ಕಾಯಿಲೆ ಪತ್ತೆಯಾಗಲು ಹಿಡಿಯುವ ಸಮಯ 4.1 ದಿನದಿಂದ 1.9 ದಿನಕ್ಕೆ ಇಳಿಯಿತು. ತಾಯಂದಿರಿಗೆ ಆಗುವ ಗಂಭೀರ ತೊಂದರೆಗಳೂ ಕಡಿಮೆಯಾದವು. ಎರಡು ದಿನ ಅಂದರೆ ಕೇಳಲು ಕಡಿಮೆ ಅನ್ನಿಸಬಹುದು, ಆದರೆ ಈ ಕಾಯಿಲೆಯಲ್ಲಿ ಎರಡು ದಿನದಲ್ಲಿ ಏನೇನೋ ಆಗಿಬಿಡುತ್ತದೆ. ನೈಸ್ ಸಂಸ್ಥೆ 2022ರಲ್ಲಿ ಇಂಥ ನಾಲ್ಕು ಪರೀಕ್ಷೆಗಳನ್ನು 20ರಿಂದ 36 ವಾರದ ಬಸುರಿಯರಲ್ಲಿ ಅನುಮಾನ ಬಂದಾಗ ಮಾಡಲು ಒಪ್ಪಿತು. ಅಮೆರಿಕದಲ್ಲಿ ಮದ್ದು, ಪರೀಕ್ಷೆಗಳಿಗೆ ಅನುಮತಿ ಕೊಡುವ ಎಫ್‌ಡಿಎ ಸಂಸ್ಥೆ ಒಪ್ಪಿಗೆ ಕೊಟ್ಟಿದ್ದು 2023ರ ಮೇ ತಿಂಗಳಲ್ಲಿ, ಕ್ರಿಪ್ಟರ್ ಪರೀಕ್ಷೆಗೆ. ಅದೂ ಬಿಪಿ ತೊಂದರೆಯಿಂದ ಆಸ್ಪತ್ರೆಗೆ ಸೇರಿದ 23ರಿಂದ 34 ವಾರದವರಿಗೆ, ಎರಡು ವಾರದೊಳಗೆ ತೀವ್ರ ಆಗುತ್ತದಾ ಅಂತ ಅಂದಾಜು ಮಾಡಲು ಮಾತ್ರ. ಇಲಿಗಳ ಮೇಲಿನ ಆ ಕೆಲಸದಿಂದ ಅಲ್ಲಿಗೆ ಬರಲು 20 ವರ್ಷ ಹಿಡಿಯಿತು.

---

ಅಂಕಿಅಂಶ:

ಅವಳಿ ಮಕ್ಕಳಿದ್ದರೆ ಈ ಗಡಿಗಳನ್ನು ಹಾಗೇ ಹಾಕಬಾರದು ಅನ್ನುವುದನ್ನೂ ಇಲ್ಲಿ ಬರೆದಿಡೋಣ, ಬೇರೆಯವರು ಓದುತ್ತಾರೆ. ಎರಡು ಮಗುವಿನ ಬಸಿರಿನಲ್ಲಿ ಎಸ್‌ಎಫ್‌ಎಲ್‌ಟಿ-1 ಸಹಜವಾಗಿಯೇ ಜಾಸ್ತಿ ಇರುತ್ತದೆ. ಹಾಗೇ ಹಳೆಯ ಕಾಲದಿಂದ ಯೂರಿಕ್ ಆಸಿಡ್ ನೋಡುವ ರೂಢಿ ಇದೆ. ಅದು ಏರುವುದು ನಿಜ, ಆದರೆ ಮುಂದೆ ಏನಾಗುತ್ತದೆ ಅಂತ ಹೇಳಲು ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ.

ಹೊಸದಾಗಿ ಬರುತ್ತಿರುವುದು ಆರ್‌ಎನ್‌ಎ ಪರೀಕ್ಷೆ. ಮಾಸಿನಿಂದಲೂ ಮಗುವಿನಿಂದಲೂ ತಾಯಿಯ ರಕ್ತಕ್ಕೆ ಸೇರುವ ಆರ್‌ಎನ್‌ಎ ತುಣುಕುಗಳನ್ನು ಓದಿ, ಲಕ್ಷಣ ಬರುವ ತಿಂಗಳುಗಳ ಮುಂಚೆಯೇ ಅಪಾಯ ಹೇಳಬಹುದು ಅಂತ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ತಂಡಗಳು ಬರೆದವು. ನನಗೆ ಅದರ ಮೇಲೆ ತುಂಬಾ ಆಸೆ ಇದೆ. ಆದರೆ ಇವತ್ತು ಡಾಕ್ಟರ್ ಎದುರು ಕೂತಿರುವ ಬಸುರಿಗೆ ಬಿಪಿ ಪಟ್ಟಿ, ಮೂತ್ರ ಪರೀಕ್ಷೆ, ಈ ರೇಶಿಯೊ, ಸಾಮಾನ್ಯವಾಗಿ ಇಷ್ಟೇ ಕೈಗೆ ಸಿಗುವುದು.

---

ನೀಲಿಹಕ್ಕಿ:

ಸ್ಕ್ಯಾನ್ ಆಯಿತು. ಮಗುವಿನ ತೂಕ ವಾರಕ್ಕೆ ತಕ್ಕ ಹಾಗಿದೆ, ನೀರೂ ಸರಿ ಇದೆ, ಹೊಕ್ಕುಳಬಳ್ಳಿಯ ಡಾಪ್ಲರ್ ನಾರ್ಮಲ್ ಅಂದರು. ಬಿಪಿಗೆ ಲ್ಯಾಬೆಟಲಾಲ್ ಶುರು ಮಾಡಿದ್ದಾರೆ. ರೇಶಿಯೊ ಎರಡು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೊಮ್ಮೆ ನೋಡೋಣ ಅಂದಿದ್ದಾರೆ. ಸಿಸ್ಟರ್ ಹೇಳಿದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಮನೆಯಲ್ಲಿ ಎಲ್ಲರಿಗೂ ಓದಲು ಬರುತ್ತದೆ. ಕೊನೆಯದಾಗಿ ಒಂದು, ಹೆರಿಗೆ ಆದ ಮೇಲೆ ಇದೆಲ್ಲ ಮುಗಿಯುತ್ತದೆ ಅಲ್ವಾ?

---

ಹೆರಿಗೆವಾರ್ಡ್:

ಒಳ್ಳೆಯ ಸುದ್ದಿ ಅಕ್ಕ. ಮಾಸು ಹೊರಗೆ ಬಂದ ಮೇಲೆ ರಕ್ತದಲ್ಲಿ ಎಸ್‌ಎಫ್‌ಎಲ್‌ಟಿ-1 ಬೇಗ ಇಳಿಯುತ್ತದೆ, ಆದರೆ ಬಿಪಿ ಅಷ್ಟು ಬೇಗ ಮಾತು ಕೇಳುವುದಿಲ್ಲ. ಹೆರಿಗೆಯಾಗಿ 3ರಿಂದ 6 ದಿನದ ನಡುವೆ ಬಿಪಿ ಅತಿ ಹೆಚ್ಚು ಏರುವುದು. ಅಷ್ಟರಲ್ಲಿ ಎಲ್ಲರೂ ಮನೆಗೆ ಹೋಗಿರುತ್ತಾರೆ, ಎಲ್ಲರ ಗಮನ ಮಗುವಿನ ಮೇಲೆ. ಬಾಣಂತಿಗೆ ತಲೆನೋವು ಅಂದರೆ ನಿದ್ದೆಗೆಟ್ಟಿದ್ದಕ್ಕೆ ಅಂತ ಸುಮ್ಮನಾಗುತ್ತಾರೆ. ಹಾಗೆ ಬಿಡಬೇಡಿ. ಮೊದಲ ವಾರ ದಿನಾ ಬಿಪಿ ನೋಡಿ, ಗೋಡೆಯ ಮೇಲಿನ ಚೀಟಿ ಹೆರಿಗೆಯಾಗಿ 6 ವಾರ ಆಗುವವರೆಗೆ ಅಲ್ಲೇ ಇರಲಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಹಾಲುಣಿಸುವಾಗಲೂ ಕೊಡಬಹುದಾದ ಬಿಪಿ ಮಾತ್ರೆಗಳಿವೆ.

ಆಮೇಲೂ ವರ್ಷಕ್ಕೊಮ್ಮೆ ಬಿಪಿ ತೋರಿಸುವುದನ್ನು ಅವಳು ರೂಢಿ ಮಾಡಿಕೊಳ್ಳಲಿ. ಬಸಿರಿನಲ್ಲಿ ಬಿಪಿ ಏರಿದವರಿಗೆ ಮುಂದೆ ಕಾಯಂ ಬಿಪಿ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಪ್ರಿ-ಎಕ್ಲಾಂಪ್ಸಿಯಾ ಆದವರಲ್ಲಿ ಹೃದಯದ ಕಾಯಿಲೆ ಮತ್ತು ಸ್ಟ್ರೋಕ್ ಸುಮಾರು ಎರಡು ಪಟ್ಟು. ಹತ್ತು ವರ್ಷ ಬಿಟ್ಟು ಬೇರೆ ಡಾಕ್ಟರ್ ಹತ್ತಿರ ಬೇರೆ ಯಾವುದಕ್ಕೋ ಹೋದಾಗಲೂ, ಬಸಿರಿನಲ್ಲಿ ಬಿಪಿ ಇತ್ತು ಅಂತ ಅವಳೇ ಬಾಯಿಬಿಟ್ಟು ಹೇಳಬೇಕು, ಅವರು ಕೇಳುತ್ತಾರೆ ಅಂತ ಕಾಯಬಾರದು. ಎರಡು ವಾರದ ರಿಪೋರ್ಟ್ ಬಂದಾಗ ಇಲ್ಲಿ ಹಾಕಿ, ನೋಡೋಣ.